ಮಿತ್ರನೇ ನಿರಂಕುಶನಾದಾಗ

ಮಕ್ಕಳ ಪುಸ್ತಕವೆಂದು ನಾನು ಕೈಗೆತ್ತಿಕೊಂಡದ್ದು ‘ಇನ್‌ಜಸ್ಟಿಸ್’ ಎಂಬ ಅಮೆರಿಕದ ಚಿತ್ರಕಥೆಯನ್ನು. 2013ರಲ್ಲಿ ಟಾಮ್ ಟೇಲರ್ ಬರೆಯತೊಡಗಿದ ಮಾಲೆಯದು.

ಜೋಕರನು ಒಡ್ಡಿದ ಭ್ರಮೆಯಲ್ಲಿ ಸೂಪರ್‌ಮ್ಯಾನ್ ತನ್ನ ಗರ್ಭಿಣಿ ಪತ್ನಿಯನ್ನೇ ವೈರಿಯೆಂದು ಬಗೆದು ಕೊಲ್ಲುತ್ತಾನೆ. ಅವಳ ಹೃದಯ ನಿಂತೊಡನೆ ಸಿಡಿಯುವಂತೆ ಹೂಡಿದ್ದ ಅಣುಬಾಂಬು ಮೆಟ್ರೊಪೊಲಿಸ್ ನಗರವನ್ನು ಸುಡುತ್ತದೆ. ಶೋಕತಪ್ತನಾದ ಆತ ಜೋಕರನನ್ನು ವಧಿಸುತ್ತಾನೆ. ಅನಂತರ ಲೋಕದ ಯುದ್ಧಗಳನ್ನೆಲ್ಲ ನಿಲ್ಲಿಸಹೊರಟು, ಕ್ರಮೇಣ ಲೋಕಕ್ಕೇ ಒಡೆಯನಾಗುತ್ತಾನೆ. ವಂಡರ್ ವುಮನ್ ಅವನ ಬೆಂಬಲಕ್ಕೆ ನಿಲ್ಲುತ್ತಾಳೆ. ಹಳೆಯ ಗೆಳೆಯ ಬ್ಯಾಟ್‌ಮ್ಯಾನ್ ಎದುರು ನಿಲ್ಲುತ್ತಾನೆ. ವೀರರ ಬಳಗವೇ ಇಬ್ಭಾಗವಾಗುತ್ತದೆ.

ಜೋಕರನ ವಧೆಯಾದಾಗ ನಾನೂ ಒಳಗೊಳಗೇ ಮೆಚ್ಚಿದ್ದೆ. ನಿರಂಕುಶತೆ ಬೇರುಬಿಡುವುದು ನಮ್ಮ ಇಂಥ ಮೆಚ್ಚುಗೆಯಲ್ಲಿಯೇ ಎಂಬುದು ಪುಟ ಹೊರಳಿದಂತೆ ಅರಿವಾಯಿತು. ಸಮ್ಮತಿಸುವುದು ಸುಲಭ, ದುಃಖದಲ್ಲಿರುವ ಗೆಳೆಯನಿಗೆ ‘ಬೇಡ’ ಎನ್ನುವುದು ಎಷ್ಟು ಕಷ್ಟ!