ಕ್ಲಸ್ಟರ್ ಅಪ್‌ಗ್ರೇಡ್ ಆಯ್ತು, ಆಡ್‌ಆನ್‌ಗಳ ಲೆಕ್ಕ ಯಾರ ಹತ್ರ ಇದೆ?

(ಪಾಡ್‌ಕಾಸ್ಟ್ ಕಂತಿನ ಲಿಖಿತ ರೂಪ)

ಇವತ್ತಿನ ವಿಷಯ ಸ್ವಲ್ಪ ಟೆಕ್ನಿಕಲ್. ಆದರೆ ಹೆದರಬೇಡಿ, ನಾನು ಓದಿದ್ದೂ ಬಿ.ಕಾಂ. ಇವತ್ತು ಮಾತಾಡೋದು ಕ್ಲೌಡ್ ಕ್ಲಸ್ಟರ್‌ನ ಆಡ್‌ಆನ್‌ಗಳ ಬಗ್ಗೆ. ಎಂಜಿನಿಯರ್‌ಗಳಿಗೆ ಇದು ದಿನದ ಕೆಲಸ. ಅದರ ಬಿಲ್ ಪಾಸ್ ಮಾಡುವ ಅಕೌಂಟ್ಸ್‌ನವರಿಗೂ ಇದು ಗೊತ್ತಿದ್ದರೆ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ.

ಮೊದಲು ಎರಡೇ ಮಾತಲ್ಲಿ ಪೀಠಿಕೆ. ಒಂದು ಅಪ್ಲಿಕೇಶನ್ ಓಡೋದಕ್ಕೆ ಬೇಕಾದದ್ದನ್ನೆಲ್ಲ ಸೇರಿಸಿ ಕಟ್ಟಿದ ಮೂಟೆಯೇ ಕಂಟೇನರ್. ಇಂಥ ಮೂಟೆಗಳನ್ನು ಹಲವು ಸರ್ವರ್‌ಗಳಿಗೆ ಹಂಚಿ, ಬಿದ್ದರೆ ಎತ್ತಿ ನಿಲ್ಲಿಸಿ ಓಡಿಸುವ ವ್ಯವಸ್ಥೆ ಕುಬರ್ನೆಟಿಸ್. ಆ ಸರ್ವರ್‌ಗಳ ಗುಂಪನ್ನು ಕ್ಲಸ್ಟರ್ ಅಂತೀವಿ. ಇದನ್ನು ಅಮೆಜಾನ್, ಗೂಗಲ್, ಮೈಕ್ರೋಸಾಫ್ಟ್ ಮೂವರೂ ಬಾಡಿಗೆಗೆ ಕೊಡ್ತಾರೆ. ಇವತ್ತು ಉದಾಹರಣೆಗೆ ಅಮೆಜಾನ್‌ನ ಇಕೆಎಸ್ ತಗೊಳ್ಳೋಣ.

ಆಡ್‌ಆನ್ ಅಂದ್ರೆ ಏನು?

ಬರೀ ಕುಬರ್ನೆಟಿಸ್ ಇದ್ದರೆ ಕ್ಲಸ್ಟರ್ ನಡೆಯಲ್ಲ. ಪ್ರತಿ ಕಂಟೇನರ್ ಗುಂಪಿಗೆ, ಅಂದರೆ ಪಾಡ್‌ಗೆ, ಒಂದು ಐಪಿ ವಿಳಾಸ ಬೇಕು. ಅದನ್ನು ಕೊಡೋದು ವಿಪಿಸಿ ಸಿಎನ್ಐ. ಹೆಸರು ಹೇಳಿದರೆ ವಿಳಾಸ ಹುಡುಕಿಕೊಡೋದು ಕೋರ್‌ಡಿಎನ್ಎಸ್. ಬಂದ ಟ್ರಾಫಿಕ್ಕನ್ನು ಸರಿಯಾದ ಪಾಡ್‌ಗೆ ದಾಟಿಸೋದು ಕ್ಯೂಬ್-ಪ್ರಾಕ್ಸಿ. ಡೇಟಾ ಇಡೋದಕ್ಕೆ ಡಿಸ್ಕ್ ಜೋಡಿಸೋದು ಇಬಿಎಸ್ ಸಿಎಸ್ಐ ಡ್ರೈವರ್. ಇವೇ ಆಡ್‌ಆನ್‌ಗಳು. ಹೆಸರು ಕೇಳಿದರೆ 'ಇದ್ದರೂ ಆಯ್ತು, ಇಲ್ಲದಿದ್ದರೂ ಆಯ್ತು' ಅನ್ನಿಸುತ್ತೆ. ಹಾಗಲ್ಲ. ಕೋರ್‌ಡಿಎನ್ಎಸ್ ನಿಂತರೆ ನಿಮ್ಮ ಅಪ್ಲಿಕೇಶನ್ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಡೇಟಾಬೇಸ್ ಎಲ್ಲಿದೆ ಅಂತಲೇ ಗೊತ್ತಾಗಲ್ಲ.

ಬಾಡಿಗೆ ಮನೆಯನ್ನೇ ನೋಡಿ. ಕಟ್ಟಡ ಓನರ್‌ದು. ಸಂಪಿನ ಮೋಟರ್ ಕೂಡ ಅವರೇ ಹಾಕಿಸಿರ್ತಾರೆ. ಆದರೆ ಮೋಟರ್ ಸರ್ವಿಸ್ ಯಾವಾಗ ಮಾಡಿಸಬೇಕು ಅನ್ನೋದು ಅಗ್ರಿಮೆಂಟ್‌ನಲ್ಲಿ ನಿಮ್ಮ ತಲೆಗೆ ಬಂದಿರುತ್ತೆ. ಅಗ್ರಿಮೆಂಟ್ ಓದದವರಿಗೆ ಅದು ಗೊತ್ತಾಗೋದು ನೀರು ನಿಂತ ದಿನವೇ.

ಇಕೆಎಸ್‌ನಲ್ಲೂ ಹೀಗೇ. ಈ ಆಡ್‌ಆನ್‌ಗಳನ್ನು ತಾನೇ ನಿರ್ವಹಿಸುವ ಸೌಲಭ್ಯವನ್ನು ಅಮೆಜಾನ್ 2020ರ ಡಿಸೆಂಬರ್‌ನಲ್ಲಿ ಶುರು ಮಾಡಿತು. ಪರೀಕ್ಷೆ ಮಾಡಿದ ವರ್ಷನ್ ಕೊಡೋದು, ಭದ್ರತಾ ತೇಪೆ ಹಾಕೋದು ಅವರ ಕೆಲಸ. ಆದರೆ ಹೊಸ ವರ್ಷನ್‌ಗೆ ಹೋಗಬೇಕು ಅಂತ ಗುಂಡಿ ಒತ್ತೋದು ನಿಮ್ಮ ಕೆಲಸ. ಕ್ಲಸ್ಟರ್ ಅಪ್‌ಗ್ರೇಡ್ ಮಾಡಿದರೆ ಆಡ್‌ಆನ್‌ಗಳು ತಾವಾಗೇ ಅದರ ಜೊತೆ ಅಪ್‌ಗ್ರೇಡ್ ಆಗಲ್ಲ. 'ಮ್ಯಾನೇಜ್ಡ್' ಅನ್ನೋ ಪದ ನೋಡಿ ಎಷ್ಟೋ ಜನ ಎಡವೋದು ಇಲ್ಲೇ.

ತಡ ಮಾಡಿದರೆ ಬಿಲ್ ಎಷ್ಟು?

ಈಗ ನನಗೆ ಇಷ್ಟವಾದ ಭಾಗ, ಲೆಕ್ಕ. ಕುಬರ್ನೆಟಿಸ್‌ನ ಹೊಸ ವರ್ಷನ್ ವರ್ಷಕ್ಕೆ ಸುಮಾರು ಮೂರು ಬರುತ್ತೆ. ಇಕೆಎಸ್‌ನಲ್ಲಿ ಒಂದು ವರ್ಷನ್‌ಗೆ 14 ತಿಂಗಳು ಮಾಮೂಲಿ ಬೆಂಬಲ. ಆಗ ಕ್ಲಸ್ಟರ್‌ನ ದರ ಗಂಟೆಗೆ 10 ಸೆಂಟ್. ಅದು ಮುಗಿದ ಮೇಲೆ ಇನ್ನೂ 12 ತಿಂಗಳು ವಿಸ್ತೃತ ಬೆಂಬಲ. ಆಗ ದರ ಗಂಟೆಗೆ 60 ಸೆಂಟ್, ಅಂದರೆ ನೇರವಾಗಿ ಆರು ಪಟ್ಟು.

30 ದಿನದ ತಿಂಗಳಿಗೆ ಗುಣಿಸಿ. 72 ಡಾಲರ್ ಇದ್ದದ್ದು 432 ಡಾಲರ್ ಆಗುತ್ತೆ. ಟೆಸ್ಟಿಂಗ್‌ಗೆ ಒಂದು, ಸ್ಟೇಜಿಂಗ್‌ಗೆ ಒಂದು, ಗ್ರಾಹಕರಿಗೆ ಒಂದು ಅಂತ ಮೂರು ಕ್ಲಸ್ಟರ್ ಇಟ್ಟ ಸಣ್ಣ ಕಂಪನಿಗೆ ತಿಂಗಳಿಗೆ 1,080 ಡಾಲರ್ ಹೆಚ್ಚುವರಿ ಖರ್ಚು. ಈ ದುಡ್ಡಿಗೆ ಒಂದೇ ಒಂದು ಸರ್ವರ್ ಕೂಡ ಜಾಸ್ತಿ ಸಿಗಲ್ಲ. ಸರ್ವರ್ ಬಿಲ್ ಬೇರೆಯೇ ಬರುತ್ತೆ.

ಹಾಗಾದರೆ ಜನ ಯಾಕೆ ಅಪ್‌ಗ್ರೇಡ್ ಮುಂದೂಡ್ತಾರೆ? ಸೋಮಾರಿತನ ಅಲ್ಲ. ಭಯ. ಬಹಳ ಸಲ ಆ ಭಯ ಇರೋದು ಆಡ್‌ಆನ್‌ಗಳ ಮೇಲೆ. ಅದಕ್ಕೆ ಕಾರಣವೂ ಇದೆ.

2022ರ ಆಗಸ್ಟ್‌ನಲ್ಲಿ ಇಕೆಎಸ್‌ಗೆ ಕುಬರ್ನೆಟಿಸ್ 1.23 ಬಂತು. ಅಲ್ಲಿಯವರೆಗೆ ಇಬಿಎಸ್ ಡಿಸ್ಕ್ ಜೋಡಿಸುವ ಕೋಡ್ ಕುಬರ್ನೆಟಿಸ್ ಒಳಗೇ ಇತ್ತು. 1.23ರಲ್ಲಿ ಆ ಕೆಲಸ ಹೊರಗಿನ ಸಿಎಸ್ಐ ಡ್ರೈವರ್‌ಗೆ ಹೋಯ್ತು. ಡ್ರೈವರ್ ಮಾತ್ರ ತಾನಾಗೇ ಬರಲಿಲ್ಲ, ಅಪ್‌ಗ್ರೇಡ್‌ಗೆ ಮುಂಚೆ ನೀವೇ ಹಾಕಿಕೊಳ್ಳಬೇಕಿತ್ತು. ಅದಕ್ಕೆ ಬೇಕಾದ ಐಎಎಂ ಅನುಮತಿಯನ್ನೂ ಕೊಡಬೇಕಿತ್ತು. ಅಮೆಜಾನ್ ಇದನ್ನು ದಾಖಲೆಯಲ್ಲಿ ಸ್ಪಷ್ಟವಾಗೇ ಬರೆದಿತ್ತು. ಆದರೂ ಓದದೆ ಅಪ್‌ಗ್ರೇಡ್ ಒತ್ತಿದವರ ಕ್ಲಸ್ಟರ್‌ನಲ್ಲಿ ಡಿಸ್ಕ್ ಕೇಳಿದ ಪಾಡ್‌ಗಳು ಕಾಯುತ್ತಾ ಕೂರಬೇಕಾಗ್ತಿತ್ತು. ಡಿಸ್ಕ್ ಕೇಳೋ ಪಾಡ್ ಅಂದರೆ ಸಾಮಾನ್ಯವಾಗಿ ಡೇಟಾಬೇಸ್. ಇನ್ನು ಹೇಳೋದೇನಿದೆ!

ಕೈಯಲ್ಲಿ ಮಾಡಿದ ತಿದ್ದುಪಡಿ

ಇನ್ನೊಂದು ಭಯ ಇದೆ, ಇದು ನಾವೇ ತಂದುಕೊಂಡದ್ದು. ಆಫೀಸಿನ ಒಳಗಿನ ಹೆಸರುಗಳಿಗೆ ಬೇರೆ ಡಿಎನ್ಎಸ್ ಸರ್ವರ್ ಕೇಳು ಅಂತ ಯಾರೋ ಒಬ್ಬರು ಕೋರ್‌ಡಿಎನ್ಎಸ್ ಸೆಟ್ಟಿಂಗ್‌ನಲ್ಲಿ ಎರಡು ಸಾಲು ನೇರವಾಗಿ ಸೇರಿಸಿದ್ರು ಅಂದುಕೊಳ್ಳಿ. ಕೆಲಸ ಆಯ್ತು. ಅವರು ಕಂಪನಿ ಬಿಟ್ಟೂ ಹೋದ್ರು. ಎಲ್ಲೂ ಬರೆದಿಟ್ಟಿಲ್ಲ.

ಈಗ ನೀವು ಆಡ್‌ಆನ್ ಅಪ್‌ಡೇಟ್ ಮಾಡಲು ಹೋದರೆ, ಸೆಟ್ಟಿಂಗ್ ಹೊಂದದಿದ್ದಾಗ ಏನು ಮಾಡಬೇಕು ಅನ್ನೋದಕ್ಕೆ ಇಕೆಎಸ್‌ನಲ್ಲಿ ಮೂರು ಆಯ್ಕೆ ಇದೆ. 'ನನ್' ಅಂದರೆ ನಿಮ್ಮ ಬದಲಾವಣೆ ಮುಟ್ಟಲ್ಲ, ಆದರೆ ಅಪ್‌ಡೇಟ್ ಫೇಲ್ ಆಗಬಹುದು. 'ಓವರ್‌ರೈಟ್' ಅಂದರೆ ನಿಮ್ಮದನ್ನು ಅಳಿಸಿ ತನ್ನದನ್ನು ಬರೆಯುತ್ತೆ. 'ಪ್ರಿಸರ್ವ್' ಅಂದರೆ ನಿಮ್ಮದನ್ನು ಉಳಿಸಿಕೊಳ್ಳುತ್ತೆ. ಅವಸರದಲ್ಲಿ ಓವರ್‌ರೈಟ್ ಒತ್ತಿದರೆ ಆ ಎರಡು ಸಾಲು ಹೋಯ್ತು. ಸ್ಕ್ರೀನ್ ಮೇಲೆ ಅಪ್‌ಡೇಟ್ ಯಶಸ್ವಿ ಅಂತ ಬಂದಿರುತ್ತೆ. ಆಫೀಸಿನ ಒಳಗಿನ ಹೆಸರುಗಳು ಮಾತ್ರ ಸಿಗಲ್ಲ.

ಪರಿಹಾರ ಸರಳ. ಬದಲಾವಣೆಯನ್ನು ಕ್ಲಸ್ಟರ್ ಒಳಗೆ ಹೋಗಿ ಕೈಯಲ್ಲಿ ಮಾಡಬೇಡಿ. ಆಡ್‌ಆನ್‌ನ ಕಾನ್ಫಿಗರೇಶನ್ ಮೌಲ್ಯಗಳಾಗಿ ಕೊಡಿ, ಆ ಫೈಲನ್ನು ಗಿಟ್‌ನಲ್ಲಿ ಇಡಿ. ಆಗ ಯಾರು, ಯಾವಾಗ, ಯಾಕೆ ಬದಲಿಸಿದ್ರು ಅನ್ನೋದಕ್ಕೆ ವೋಚರ್ ಇದ್ದ ಹಾಗೆ.

ಒಂದು ರಿಜಿಸ್ಟರ್ ಸಾಕು

ನನ್ನ ಸಲಹೆ ಬಿ.ಕಾಂ. ಸಲಹೆಯೇ. ಅಂಗಡಿಗೆ ಸ್ಟಾಕ್ ರಿಜಿಸ್ಟರ್ ಇದ್ದ ಹಾಗೆ ಕ್ಲಸ್ಟರ್‌ಗೂ ಒಂದು ಇಡಿ. ಐದು ಕಾಲಂ ಸಾಕು: ಆಡ್‌ಆನ್ ಹೆಸರು, ಈಗಿನ ವರ್ಷನ್, ನಾವು ಮಾಡಿದ ಬದಲಾವಣೆ, ಅದು ಬಳಸುವ ಅನುಮತಿ, ಜವಾಬ್ದಾರಿ ಯಾರದು. ಕೊನೆಯ ಕಾಲಂನಲ್ಲಿ 'ಟೀಮ್' ಅಂತ ಬರೀಬೇಡಿ, ಒಬ್ಬರ ಹೆಸರು ಬರೀರಿ. ಎಲ್ಲರ ಜವಾಬ್ದಾರಿ ಅಂದ್ರೆ ಯಾರದ್ದೂ ಅಲ್ಲ. ನೀವೇ ಹೆಲ್ಮ್‌ನಿಂದ ಹಾಕಿಕೊಂಡವನ್ನೂ ಇದರಲ್ಲೇ ಸೇರಿಸಿ, ಯಾಕಂದ್ರೆ ಅವುಗಳ ಪೂರ್ತಿ ಹೊಣೆ ನಿಮ್ಮದೇ.

ಅಪ್‌ಗ್ರೇಡ್‌ಗೆ ಮುಂಚೆ ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ಹೊಸ ಕುಬರ್ನೆಟಿಸ್‌ಗೆ ಹೊಂದುವ ವರ್ಷನ್ ಯಾವುದು? ಆ ಪಟ್ಟಿ ಇಕೆಎಸ್‌ನಲ್ಲೇ ಸಿಗುತ್ತೆ. ಕ್ಯೂಬ್-ಪ್ರಾಕ್ಸಿಗೆ ಒಂದು ನಿಯಮ ನೆನಪಿಡಿ. ಅದು ಕ್ಲಸ್ಟರ್‌ನ ಎಪಿಐ ಸರ್ವರ್‌ಗಿಂತ ಹೊಸದಾಗಿರಬಾರದು. ಮೊದಲು ಟೆಸ್ಟಿಂಗ್ ಕ್ಲಸ್ಟರ್, ಕೆಲವು ದಿನ ಬಿಟ್ಟು ಸ್ಟೇಜಿಂಗ್, ಕೊನೆಗೆ ಗ್ರಾಹಕರದ್ದು.

ಇದೂ ಬೇಡ ಅನ್ನೋರಿಗೆ 2024ರ ಡಿಸೆಂಬರ್‌ನಲ್ಲಿ ಬಂದ ಇಕೆಎಸ್ ಆಟೋ ಮೋಡ್ ಇದೆ. ಆಗಲೇ ಹೇಳಿದ ನಾಲ್ಕೂ ಕೆಲಸ ಅದೇ ನೋಡಿಕೊಳ್ಳುತ್ತೆ, ಸರ್ವರ್ ದರದ ಮೇಲೆ ಪ್ರತ್ಯೇಕ ಶುಲ್ಕ ಕೊಡಬೇಕು. ಎಂಜಿನಿಯರ್ ಸಮಯದ ಬೆಲೆಯನ್ನು ಆ ಶುಲ್ಕದ ಪಕ್ಕದಲ್ಲಿಟ್ಟು ನೋಡಿ ತೀರ್ಮಾನಿಸಿ.

ಏನೂ ಮಾಡದೆ ಕೂತರೂ ಅಪ್‌ಗ್ರೇಡ್ ತಪ್ಪಲ್ಲ. 26 ತಿಂಗಳು ಮುಗಿದ ಮೇಲೆ ಕ್ಲಸ್ಟರನ್ನು ಅಮೆಜಾನ್ ತಾನೇ ಮುಂದಕ್ಕೆ ತಳ್ಳುತ್ತೆ. ಆಡ್‌ಆನ್‌ಗಳು ಆಗಲೂ ಇದ್ದಲ್ಲೇ ಇರ್ತವೆ. ಆರು ಪಟ್ಟು ಬಾಡಿಗೆ ಕೊಟ್ಟೂ ಆಯ್ತು, ಆ ದಿನ ಆಯ್ಕೆ ಮಾಡಿಕೊಳ್ಳೋ ಅವಕಾಶವೂ ಹೋಯ್ತು.

ಅಕೌಂಟ್ಸ್‌ನಲ್ಲಿರೋ ಗೆಳೆಯರಿಗೆ ಕೊನೇ ಮಾತು. ಮುಂದಿನ ಕ್ಲೌಡ್ ಬಿಲ್‌ನಲ್ಲಿ 'ಎಕ್ಸ್‌ಟೆಂಡೆಡ್ ಸಪೋರ್ಟ್' ಅನ್ನೋ ಸಾಲು ಕಂಡರೆ ಸುಮ್ನೆ ಸೈನ್ ಹಾಕಬೇಡಿ. ಎಂಜಿನಿಯರಿಂಗ್ ಟೀಮ್ ಹತ್ರ ಹೋಗಿ ರಿಜಿಸ್ಟರ್ ತೋರಿಸಿ ಅಂತ ಕೇಳಿ. ಇಲ್ಲ ಅಂದ್ರೆ ಪಕ್ಕದಲ್ಲಿ ಕೂತು ಮೊದಲ ಸಾಲು ಬರೆಸಿ.