ಗಾರೆಯ ಅರಿವು, ಗೋಡೆಯ ಆಯುಷ್ಯ

(ಹೊರಗೋಡೆಯ ಗಾರೆ ಕೆಲಸವನ್ನು ಕುರಿತ ಉಪನ್ಯಾಸದ ಲಿಖಿತ ರೂಪ)



ಕಾಡು, ಹೊಳೆ, ಗುಡ್ಡಗಳ ಬಗ್ಗೆ ಚಿಂತಿಸುವ ಬಳಗದಲ್ಲಿ ಗಾರೆಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಗೋಡೆಗೆ ಏರುವ ಮರಳು ಯಾವುದೋ ಹೊಳೆಯ ಒಡಲಿನದು. ಸಿಮೆಂಟು ಯಾವುದೋ ಗುಡ್ಡವನ್ನು ಅಗೆದು ಸುಟ್ಟು ಮಾಡಿದ್ದು. ಜಗತ್ತು ಹೊರಸೂಸುವ ಇಂಗಾಲದ ಡೈಆಕ್ಸೈಡಿನಲ್ಲಿ ಸಿಮೆಂಟ್ ತಯಾರಿಕೆಯ ಪಾಲು ಶೇಕಡಾ 7ರಿಂದ 8ರಷ್ಟಿದೆ. ಹೀಗಾಗಿ ಕರಣೆ ಹಿಡಿದ ಕೈಗೂ ಪರಿಸರಕ್ಕೂ ನೇರ ಸಂಬಂಧವಿದೆ.

ಈ ವಿದ್ಯೆಯನ್ನು ಅರಿಯಲು ಬಳ್ಳಾರಿ ಸೀಮೆ ಒಳ್ಳೆಯ ಪಾಠಶಾಲೆ. 2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದು ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಹಂಪಿಯಲ್ಲಿ ಗೋಪುರಗಳ ಬುಡ ಕಲ್ಲಿನದು. ಮೇಲಿನ ಅಂತಸ್ತುಗಳು ಇಟ್ಟಿಗೆ ಮತ್ತು ಗಾರೆಯವು. 1565ರಲ್ಲಿ ನಗರ ಹಾಳಾದರೂ ಕಮಲ ಮಹಲಿನ ಗಾರೆಯ ಅಲಂಕಾರ ಅಲ್ಲಲ್ಲಿ ಇಂದಿಗೂ ಉಳಿದಿದೆ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ದೊರೆತದ್ದೇ 1824ರಲ್ಲಿ ಎಂಬುದನ್ನು ನೆನೆದರೆ, ಸುಣ್ಣದ ಬಾಳಿಕೆ ಎಷ್ಟೆಂಬುದು ತಿಳಿಯುತ್ತದೆ.

ಸುಣ್ಣದ ಗುಣವೇನು? ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟು ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಸೇರಿದಾಗ ಕುದಿದು ಅರಳುತ್ತದೆ. ಗೋಡೆಯೇರಿದ ಮೇಲೆ ಗಾಳಿಯಲ್ಲಿನ ಅದೇ ಅನಿಲವನ್ನು ನಿಧಾನವಾಗಿ ಹೀರಿ ಮತ್ತೆ ಕಲ್ಲಾಗುತ್ತದೆ. ಈ ನಿಧಾನವನ್ನು ಸಹಿಸುವುದೇ ಗಾರೆಯವನ ಮೊದಲ ಶಿಸ್ತು. ಸುಣ್ಣ ಅರಳಿಸುವಾಗ ಕಣ್ಣಿಗೆ ಕನ್ನಡಕ, ಕೈಗೆ ಗವಸು ಇರಲೇಬೇಕು; ಸಿಡಿದ ಹನಿ ಕಣ್ಣನ್ನೇ ಕಳೆಯಬಲ್ಲದು.

ಮೂರು ಊರುಗಳ ನೆಲ ಮೂರು ಪಾಠಗಳನ್ನು ಹೇಳುತ್ತದೆ.

ಕುರುಗೋಡಿನ ಸುತ್ತ ಗ್ರಾನೈಟ್ ಗುಡ್ಡಗಳು. ನುಣುಪಾದ ಕಲ್ಲು ನೀರು ಹೀರದು. ಗಾರೆಗೆ ಹಿಡಿತ ಸಿಗದು. ಕಲ್ಲಿನ ಗೋಡೆಯ ಸಂದುಗಳನ್ನು ಕೆದಕಿ, ಧೂಳು ತೊಳೆದು, ಮೊದಲು ತೆಳುವಾದ ಒರಟು ಗಾರೆಯನ್ನು ಎರಚಬೇಕು. ಅದು ಗಟ್ಟಿಯಾದ ಮೇಲೆಯೇ ಮುಂದಿನ ಪದರ.

ಸಿರುಗುಪ್ಪದ್ದು ಎರೆ ಭೂಮಿ ಮತ್ತು ಭತ್ತದ ನಾಡು. ಎರೆಮಣ್ಣು ಮಳೆಗೆ ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ತಳಪಾಯ ಅಲುಗಿದರೆ ಬಿಗಿಯಾದ ಸಿಮೆಂಟ್ ಪದರ ಸುಲಭವಾಗಿ ಬಿರುಕು ಬಿಡುತ್ತದೆ. ಸುಣ್ಣದ ಗಾರೆ ತುಸು ಬಾಗಿ ತಾಳಿಕೊಳ್ಳುತ್ತದೆ. ಅಲ್ಲಿನ ಅಕ್ಕಿ ಗಿರಣಿಗಳ ಹೊಟ್ಟಿಗೂ ಇಲ್ಲಿ ಬೆಲೆಯಿದೆ. ಹದವಾದ ಉರಿಯಲ್ಲಿ ಬೆಂದ ಹೊಟ್ಟಿನ ಬೂದಿಯಲ್ಲಿ ಸಿಲಿಕಾ ಹೇರಳ. ಅದು ಸುಣ್ಣದೊಡನೆ ಬೆರೆತರೆ ತೇವದಲ್ಲೂ ಗಟ್ಟಿಯಾಗುವ ಗಾರೆಯಾಗುತ್ತದೆ. ಉರಿ ಅತಿಯಾದರೆ ಬೂದಿ ಸತ್ತಂತೆ, ಪ್ರಯೋಜನ ಕಡಿಮೆ. ಚೆನ್ನಾಗಿ ಬೆಂದ ಇಟ್ಟಿಗೆಯ ಪುಡಿ, ಅಂದರೆ ಸುರ್ಕಿಯೂ ಇದೇ ಕೆಲಸ ಮಾಡುತ್ತದೆ.

ಬಳ್ಳಾರಿ ನಗರದ ಪಾಠ ಬಿಸಿಲಿನದು. ಅಲ್ಲಿ ಬಳಿದ ಗಾರೆಯ ನೀರು ಆರಿಹೋಗುವುದು ಬೇಗ. ನೀರಿಲ್ಲದೆ ಸಿಮೆಂಟೂ ಗಟ್ಟಿಯಾಗದು, ಸುಣ್ಣವೂ ಕಲ್ಲಾಗದು; ಪದರ ಪುಡಿಯಾಗಿ ಉದುರುತ್ತದೆ. ಬೆಳಗ್ಗೆ, ಸಂಜೆ ಕೆಲಸ ಮಾಡಿ, ಒದ್ದೆ ಗೋಣಿಯ ನೆರಳು ಕೊಟ್ಟು, ಹಲವು ದಿನ ತೇವ ಕಾಯಬೇಕು.

ಮಲೆನಾಡಿನ ನಮಗೆ ಇದರಿಂದ ಏನು? ಬಳ್ಳಾರಿಯಲ್ಲಿ ಬೀಳುವ ಮಳೆ ವರ್ಷಕ್ಕೆ ಸುಮಾರು 500 ಮಿಲಿಮೀಟರ್. ನಮ್ಮಲ್ಲಿ ಅದರ ಹಲವು ಪಟ್ಟು. ಮಣ್ಣಿನ ಗೋಡೆಗೋ ಜಂಬಿಟ್ಟಿಗೆಯ ಗೋಡೆಗೋ ಸಿಮೆಂಟಿನ ಗಟ್ಟಿ ಪದರ ಬಳಿದಾಗ ಬಿರುಕಿನಿಂದ ಒಳಹೊಕ್ಕ ನೀರು ಹೊರಬರಲಾರದು. ಹೊರಗೆ ಗೋಡೆ ಚೆಂದ, ಒಳಗೆ ಮಣ್ಣು ಕೆಸರು. ಸುಣ್ಣದ ಪದರವಾದರೆ ಹೀರಿದ ತೇವವನ್ನು ಬಿಟ್ಟುಕೊಡುತ್ತದೆ. ಆದರೆ ಶುದ್ಧ ಸುಣ್ಣ ನಮ್ಮ ಮಳೆಯಲ್ಲಿ ಬೇಗ ಗಟ್ಟಿಯಾಗದು. ಸುರ್ಕಿ ಇಲ್ಲವೆ ಹೊಟ್ಟಿನ ಬೂದಿ ಬೆರೆಸಿ, ಮಳೆಗಾಲ ಕಳೆದೊಡನೆ ಕೆಲಸ ಮುಗಿಸಿ, ಮುಂದಿನ ಮಳೆಗೆ ಮುನ್ನ ಹಲವು ತಿಂಗಳ ಬಿಡುವು ಕೊಡಬೇಕು.

ಸುಣ್ಣವೆಂದರೆ ನಿರಪಾಯಕಾರಿ ಎಂದು ನಂಬುವುದೂ ತಪ್ಪು. ಅದಕ್ಕೂ ಕಲ್ಲು ಅಗೆಯಬೇಕು, ಗೂಡಿಗೆ ಉರುವಲು ಬೇಕು. ಆ ಉರುವಲು ಕಾಡಿನಿಂದ ಬಂದರೆ ನಷ್ಟ ನಮ್ಮದೇ. ಆದ್ದರಿಂದ ಎಲ್ಲ ಗೋಡೆಗೂ ಗಾರೆ ಬೇಕೇ ಎಂಬುದು ಮೊದಲ ಪ್ರಶ್ನೆಯಾಗಲಿ. ಚೊಕ್ಕವಾಗಿ ಕಟ್ಟಿದ ಜಂಬಿಟ್ಟಿಗೆಯ ಗೋಡೆಗೆ ಸಂದು ತುಂಬಿದರೆ ಅನೇಕ ವೇಳೆ ಸಾಕು. ಮುಂಚಾಚಿದ ಸೂರು ಗೋಡೆಯ ಮೊದಲ ರಕ್ಷಕ.

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಿಮ್ಮೂರಿನಲ್ಲಿ ಸುಣ್ಣದ ಗಾರೆ ಬಲ್ಲ ಹಿರಿಯರಿದ್ದರೆ ಈ ಬೇಸಿಗೆಯಲ್ಲೇ ಅವರ ಬಳಿ ಹೋಗಿರಿ. ಬೆಲ್ಲದ ನೀರು, ಅಳಲೆಕಾಯಿಯ ರಸಗಳ ಪ್ರಮಾಣವನ್ನು ಬರೆದುಕೊಳ್ಳಿರಿ. ಹಳೆಯ ಗೋಡೆಯೊಂದರ ಮೂಲೆಯಲ್ಲಿ ಎರಡಡಿ ಜಾಗಕ್ಕೆ ಬಳಿದು, ಒಂದು ಮಳೆಗಾಲ ನೋಡಿ, ಫಲಿತಾಂಶವನ್ನು ಈ ಪತ್ರಿಕೆಗೆ ಬರೆಯಿರಿ. ಗಾರೆಯ ಹದ ಅಂಗೈಗೆ ತಿಳಿಯುವಂಥದ್ದು; ಕೈಯಿಂದ ಕೈಗೆ ದಾಟದಿದ್ದರೆ ಅದು ಉಳಿಯದು.