ಪಟಾನ್‌ಚೆರುವಿನ ದಾರಿ ಮತ್ತು ವೇಗದ ದಂಡ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಈ ಹೊತ್ತು ನಾವು ಆಡಬೇಕೆಂದಿರುವುದು ಬೋನಸ್ಸಿನ ಮಾತಲ್ಲ, ಪಾಳಿಯ ಮಾತೂ ಅಲ್ಲ. ಆದರೂ ಕೊನೆಗೆ ನಮ್ಮ ಸಂಬಳಕ್ಕೇ ಬಂದು ತಟ್ಟುವ ಮಾತು. ಬೀದರ, ಹುಮನಾಬಾದ, ಬಸವಕಲ್ಯಾಣಗಳ ಕಡೆಯಿಂದ ಹೈದರಾಬಾದಿಗೆ ಬರುವ ನಮಗೆ ಪಟಾನ್‌ಚೆರುವೇ ಊರ ಬಾಗಿಲು. ಕಲ್ಯಾಣದ ಚಾಲುಕ್ಯ ಜಯಸಿಂಹನ ನೆಲೆವೀಡಾಗಿದ್ದ ಪೊಟ್ಟಲಕೆರೆ ಇದೇ ಎಂದು ಇತಿಹಾಸಜ್ಞರು ಗುರುತಿಸಿದ್ದಾರೆ; ಹೆಸರಿನಲ್ಲಿ ಕೆರೆ ಹೋಗಿ ಚೆರುವು ಬಂತು, ಅಷ್ಟೆ. ಅಂದು ಬಾಗಿಲಲ್ಲಿ ಸುಂಕದವನಿದ್ದನೋ ಏನೋ, ಇಂದು ವೇಗ ಅಳೆಯುವ ಯಂತ್ರವಿದೆ.

ಮುಂಬಯಿಯ ಹೆದ್ದಾರಿ, ಕಾರ್ಖಾನೆಗಳ ವಸಾಹತು, 158 ಕಿಲೋಮೀಟರಿನ ಹೊರವರ್ತುಲ ರಸ್ತೆ, ಮೂರೂ ಅಲ್ಲಿ ಒಂದನ್ನೊಂದು ಮುಟ್ಟುತ್ತವೆ. ಪಾಳಿ ಬಿಟ್ಟ ಕೂಡಲೇ ಕೆಲಸಗಾರರು ಅದೇ ಹೆದ್ದಾರಿಯನ್ನು ನಡೆದು ದಾಟಬೇಕು. ಗಾಡಿಯ ಓಟ ಇಮ್ಮಡಿಯಾದರೆ ಅದರ ಪೆಟ್ಟು ನಾಲ್ಮಡಿಯಾಗುತ್ತದೆ. ಆದಕಾರಣ ವೇಗಕ್ಕೆ ಕಡಿವಾಣ ಬೇಡವೆಂದು ನಾವು ಹೇಳುವವರಲ್ಲ. ಲಾರಿಯ ಗಾಲಿಗೆ ಸಿಕ್ಕುವವನು ಬುತ್ತಿ ಹಿಡಿದು ನಡೆಯುವವನೇ.

ನಮ್ಮ ತಕರಾರು ಮರೆಯಲ್ಲಿ ನಿಲ್ಲುವುದರ ಬಗ್ಗೆ. ಹೊರವರ್ತುಲ ರಸ್ತೆಯ ಮಿತಿ ಮೊದಲು 120 ಇತ್ತು, ಆಮೇಲೆ 100 ಆಯಿತು, 2023ರಲ್ಲಿ ಮತ್ತೆ 120 ಆಯಿತು. ಕೆಳಗೆ ಹೆದ್ದಾರಿಗೆ ಇಳಿದರೆ ಮಿತಿಯೇ ಬೇರೆ. ಓಡಿ ಬಂದವನ ಕಾಲಿಗೆ ನಿಧಾನ ಹತ್ತುವುದಕ್ಕೆ ಕೊಂಚ ಹೊತ್ತು ಬೇಕು. ಅಲ್ಲಿ ಎದ್ದು ಕಾಣುವ ಫಲಕ ನೆಟ್ಟರೆ ಎಷ್ಟೋ ಮಂದಿ ತಾವೇ ನಿಧಾನಿಸುತ್ತಾರೆ. ತೆಲುಗು ಓದಲು ಬಾರದಿದ್ದರೂ ಅಂಕಿ ಯಾರಿಗೆ ತಿಳಿಯದು? ಮರದ ಹಿಂದೆ ಯಂತ್ರ ಹಿಡಿದು ನಿಂತರೆ ದಂಡ ಸಿಗಬಹುದು, ಗಾಡಿ ಮಾತ್ರ ನಿಧಾನವಾಗುವುದಿಲ್ಲ. ಚೀಟಿ ಮೊಬೈಲಿಗೆ ಬರುವ ಹೊತ್ತಿಗೆ ಆತ ಹತ್ತು ಸಲ ಹಾಗೆಯೇ ಓಡಿಸಿರುತ್ತಾನೆ. 2021ರಲ್ಲಿ ಕೇಂದ್ರ ಸರಕಾರ ಸೇರಿಸಿದ 167ಎ ನಿಯಮವೂ ನಿಗಾ ಇಟ್ಟ ರಸ್ತೆಗೆ ಎಚ್ಚರಿಕೆಯ ಫಲಕ ಇರಬೇಕೆಂದೇ ಹೇಳಿತು. ಯಂತ್ರ ಸರಿಯಾಗಿದೆಯೆಂಬ ಪ್ರಮಾಣಪತ್ರವನ್ನು ವರ್ಷ ವರ್ಷ ಹೊಸತು ಮಾಡಿಸಬೇಕೆಂದೂ ಹೇಳಿತು.

ಇನ್ನೊಂದು ವಿಚಾರ, ನಮ್ಮ ಡ್ರೈವರ್ ಸೋದರರು ಕಿವಿಗೊಟ್ಟು ಕೇಳಬೇಕು. 1988ರ ಮೋಟಾರು ವಾಹನ ಕಾನೂನಿನ 183ನೆಯ ಕಲಮು ಬರೀ ಓಡಿಸುವವನ ಮೇಲಿನದಲ್ಲ. ತನ್ನ ಕೈಕೆಳಗಿನವನಿಂದ ಮಿತಿ ಮೀರಿ ಓಡಿಸಿದ ಧಣಿಗೂ ಅದೇ ಕಲಮಿನಲ್ಲಿ ದಂಡವಿದೆ. ಮಿತಿಯೊಳಗೆ ಮುಗಿಸಲು ಆಗದ ಹೊತ್ತನ್ನು ಗೊತ್ತುಮಾಡಿ ‘ಇಷ್ಟರೊಳಗೆ ಮುಟ್ಟು’ ಎಂದು ಅಪ್ಪಣೆ ಕೊಟ್ಟರೆ, ಆ ಅಪ್ಪಣೆಯೇ ಧಣಿಯ ಮೇಲೆ ಮೇಲ್ನೋಟದ ಸಾಕ್ಷಿ. ಒಬ್ಬನ ಕಣ್ಣಂದಾಜಿನ ಮೇಲೆಯೇ ಶಿಕ್ಷೆ ಕೊಡಬಾರದು, ಯಂತ್ರದ ಅಳತೆ ಬೇಕು ಎಂಬುದೂ ಅಲ್ಲೇ ಇದೆ. ಹೀಗಿದ್ದರೂ ನಡೆಯುವುದೇನು? ಹೋಟೆಲಿಗೆ ತರಕಾರಿ ಹಾಕುವ ಟೆಂಪೋ ಬೆಳಗಿನ ಇಡ್ಲಿಯ ಹೊತ್ತಿಗೆ ಬರಲೇಬೇಕೆಂದು ಫೋನಿನ ಮೇಲೆ ಫೋನು. ಸಾವಿರ ರೂಪಾಯಿ ದಂಡ ಬಿದ್ದರೆ ಹುಡುಗನ ಪಗಾರದಲ್ಲಿ ಮುರಿತ. ಆತುರ ಒಬ್ಬರದು, ದಂಡ ಇನ್ನೊಬ್ಬರದು.

ಮೇಲಿಂದ ರಿಯಾಯಿತಿಯ ತಮಾಷೆ. 2022ರ ಮಾರ್ಚಿನಲ್ಲಿ ತೆಲಂಗಾಣದಲ್ಲಿ ಬಾಕಿ ದಂಡಕ್ಕೆ ಮೋಟಾರ್ ಸೈಕಲ್ಲಿಗೆ ನೂರಕ್ಕೆ 75, ಕಾರಿಗೆ 50 ಬಿಟ್ಟರು. 2023ರ ಡಿಸೆಂಬರಿನಲ್ಲಿ ಮತ್ತೆ, ಮೋಟಾರ್ ಸೈಕಲ್ಲಿಗೆ 80, ಕಾರಿಗೆ 60. ಹೆದರಿ ಅಂದೇ ಕಟ್ಟಿದವನು ಪೆದ್ದನಾದ, ಕಟ್ಟದೆ ಕೂತವನು ಜಾಣನಾದ. ದೀಪಾವಳಿಯ ಬಟ್ಟೆ ಅಂಗಡಿಯಂತೆ ದಂಡಕ್ಕೂ ಸೋಡಿ ಕೊಟ್ಟರೆ ಅದಕ್ಕೆ ಭಯವೆಲ್ಲಿಯದು? ಬಡವನಿಗೆ ಕರುಣೆ ತೋರಿಸುವುದಾದರೆ ದಂಡವನ್ನೇ ಮೊದಲು ಅವನ ಕೈಗೆ ಎಟಕುವಷ್ಟು ಇಡಬಹುದಿತ್ತು.

ಈಗ ಮಾಡಬೇಕಾದ್ದು ಇಷ್ಟು. ಚೀಟಿ ಬಂದರೆ ಹೆದರಿ ಕಟ್ಟಿಬಿಡಬೇಡಿ, ಮರೆತು ಬಿಡಲೂಬೇಡಿ. ಗಾಡಿಯ ನಂಬರು, ದಿನ, ಗಳಿಗೆ, ಸ್ಥಳ, ಯಂತ್ರ ತೋರಿಸಿದ ವೇಗ, ಚಿತ್ರ ಎಲ್ಲವನ್ನೂ ನೋಡಿ. ನಂಬರು ತಪ್ಪಿ ಬೇರೆಯವರ ಗಾಡಿಯ ದಂಡ ತಲೆಗೆ ಕಟ್ಟುವುದುಂಟು. ಹೊರವರ್ತುಲ ರಸ್ತೆಯ ಮೇಲೆ ಮೋಟಾರ್ ಸೈಕಲ್ ಹತ್ತಿಸಲೇಬೇಡಿ, ಅಲ್ಲಿ ಅದಕ್ಕೆ ಪ್ರವೇಶವಿಲ್ಲ. ಧಣಿ ಅವಸರ ಮಾಡಿದ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಿ. ದಂಡದ ಚೀಟಿಯನ್ನೂ ಪಗಾರದ ಲೆಕ್ಕವನ್ನೂ ಸಂಘಕ್ಕೆ ತನ್ನಿ; ಅರ್ಜಿಯನ್ನು ತೆಲುಗಿನಲ್ಲಿ ಬರೆದು ಕೊಡಬಲ್ಲವರು ನಮ್ಮಲ್ಲಿದ್ದಾರೆ. ಪಟಾನ್‌ಚೆರುವಿನಲ್ಲಿ ಫಲಕ ನೆಡಿಸಬೇಕು, ಕಾರ್ಖಾನೆ ಬಿಡುವ ಹೊತ್ತಿಗೆ ರಸ್ತೆ ದಾಟಿಸುವ ಪೋಲೀಸಿನವರನ್ನು ನಿಲ್ಲಿಸಬೇಕು ಎಂಬ ಮನವಿಯ ಕಾಗದ ಆಗಲೇ ಮೇಜಿನ ಮೇಲಿದೆ. ಸಹಿ ಹಾಕಿ ಹೋಗಿ.